ಹಾಡುವ ತಟ್ಟೆಗೆ ಕರಿಯ ಬಣ್ಣವೇಕೆ?

ಕನ್ನಡ, ತೆಲುಗು, ತಮಿಳುಗಳು ಒಂದೇ ಜಗುಲಿಯ ಮೇಲೆ ಕೂಡಿ ಬಾಳುವ ಅಂಚೆಟ್ಟಿಯ ಸುತ್ತಿನ ಹಳ್ಳಿಗಳಲ್ಲಿ, ಮದುವೆಯ ಚಪ್ಪರಕ್ಕೂ ಮಾರಮ್ಮನ ಜಾತ್ರೆಗೂ ಧ್ವನಿವರ್ಧಕವನ್ನು ಹೊತ್ತು ತರುತ್ತಿದ್ದ ಮೈಕ್ ಸೆಟ್ಟಿನವರ ಪೆಟ್ಟಿಗೆಯೊಳಗಿನ ಹಾಡಿನ ಪ್ಲೇಟುಗಳನ್ನು ಕಣ್ಣಾರೆ ಕಂಡ ಹಿರಿಯರು ಇಂದಿಗೂ ಬಹುಮಂದಿ ಇದ್ದಾರೆ. ಅವರಲ್ಲಿ ಯಾರನ್ನು ಕೇಳಿದರೂ ಪ್ಲೇಟಿನ ಬಣ್ಣ ಕಪ್ಪೆಂದೇ ಹೇಳುವರು. ನಡುವಿನ ಕಾಗದದ ಚೀಟಿ ಕೆಂಪೋ ನೀಲಿಯೋ ಆಗಿರಬಹುದು, ಹಾಡು ಭಕ್ತಿಯದೋ ಸಿನಿಮಾದ್ದೋ ಆಗಿರಬಹುದು. ತಟ್ಟೆಯ ಮೈ ಮಾತ್ರ ಕಪ್ಪು. ಟೇಪು ಬಂದ ಮೇಲೆ ಮೂಲೆ ಸೇರಿದ ಈ ತಟ್ಟೆಗಳಿಗೆ ಇತ್ತೀಚೆಗೆ ಪುನರ್ಜನ್ಮ ಬಂದಿದೆ. ಅಮೆರಿಕದಲ್ಲಿ 2020ರಲ್ಲಿ ತಟ್ಟೆಗಳ ಮಾರಾಟದ ಹಣ ಸಿ.ಡಿ.ಗಳ ಹಣವನ್ನು ಮೀರಿತು. 1986ರ ಬಳಿಕ ಹಾಗಾದದ್ದು ಅದೇ ಮೊದಲು. ಈ ಎರಡನೆಯ ಜನ್ಮದಲ್ಲಿ ತಟ್ಟೆ ಕೆಂಪಾಗಿದೆ, ಹಸಿರಾಗಿದೆ, ಗಾಜಿನಂತೆ ಪಾರದರ್ಶಕವೂ ಆಗಿದೆ. ಒಂದೇ ತಟ್ಟೆಯಲ್ಲಿ ಎರಡು ಮೂರು ವರ್ಣಗಳು ಸುಳಿಸುಳಿಯಾಗಿ ಬೆರೆತಿರುವುದೂ ಉಂಟು.

ಬಣ್ಣದ ಪ್ಲೇಟನ್ನು ಕೈಯಲ್ಲಿ ಹಿಡಿದವರಿಗೆ ಎರಡು ಸಂದೇಹಗಳು ಸಹಜವಾಗಿ ಹುಟ್ಟುತ್ತವೆ. ಕಪ್ಪು ತಟ್ಟೆಯಷ್ಟು ಚೆನ್ನಾಗಿ ಇದು ಹಾಡೀತೆ ಎಂಬುದೊಂದು; ಇಷ್ಟು ಗಾಢವಾದ ಬಣ್ಣವನ್ನು ಪ್ಲಾಸ್ಟಿಕ್ಕಿಗೆ ಹಿಡಿಸಲು ಯಾವ ವಿಷವಸ್ತುವನ್ನು ಬೆರೆಸಿದ್ದಾರೋ ಎಂಬುದು ಇನ್ನೊಂದು. ಇವೆರಡಕ್ಕೂ ಉತ್ತರ ಬೇಕಾದರೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ. ತಟ್ಟೆಯ ಮೂಲವಸ್ತು ಸ್ವಭಾವತಃ ಕಪ್ಪಲ್ಲ. ಹಾಗಿದ್ದ ಮೇಲೆ ಅದನ್ನು ಕಪ್ಪು ಮಾಡಿದ್ದಾದರೂ ಏಕೆ?

ಜಾಲಾರಿ ಮರದ ಅರಗು

ಮೊದಲ ಕಾಲದ ತಟ್ಟೆಗಳ ಮೂಲವಸ್ತು ಅರಗು. ಅಂಚೆಟ್ಟಿ ಸೀಮೆಯ ಒಣಗುಡ್ಡಗಳಲ್ಲಿ ಜಾಲಾರಿ ಎಂಬ ಮರವುಂಟು. ಉತ್ತರ ದೇಶದ ಸಾಲವೃಕ್ಷಕ್ಕೆ ಇದು ಹತ್ತಿರದ ಬಂಧು. ಇದರ ಎಳೆಯ ರೆಂಬೆಗಳ ಮೇಲೆ ಅರಗಿನ ಹುಳು ನೆಲಸುತ್ತದೆ. ಅರ್ಧ ಮಿಲಿಮೀಟರಿನ ಆಸುಪಾಸಿನ ಉದ್ದದ ಮರಿಗಳು ರೆಂಬೆಯಲ್ಲಿ ಮೂತಿಯನ್ನು ಊರಿ, ರಸವನ್ನು ಹೀರುತ್ತ, ತಮ್ಮ ಮೈಯಿಂದ ಒಸರುವ ಅಂಟನ್ನೇ ತಮಗೆ ಮನೆಯಾಗಿ ಕಟ್ಟಿಕೊಳ್ಳುತ್ತವೆ. ಸಾವಿರಾರು ಮನೆಗಳು ಒಂದಕ್ಕೊಂದು ಕೂಡಿ ರೆಂಬೆಯ ಸುತ್ತ ದಪ್ಪನೆಯ ಹೊದಿಕೆಯಾಗುತ್ತದೆ. ಅದೇ ಅರಗು. 1920ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಹುಳುವನ್ನು ಕುರಿತು ಗಂಭೀರವಾದ ಸಂಶೋಧನೆ ನಡೆಯಿತು. ಅಲ್ಲಿ ದುಡಿದ ಎಸ್. ಮಹದಿಹಸನ್ ಅವರು ಜಾಲಾರಿಯನ್ನು ಆಶ್ರಯಿಸಿದ ಹುಳುವನ್ನು ಪ್ರತ್ಯೇಕವಾಗಿ ಗುರುತಿಸಿ ಅದರ ಶಾಸ್ತ್ರೀಯ ನಾಮದಲ್ಲಿ ಮೈಸೂರಿನ ಹೆಸರನ್ನೇ ಸೇರಿಸಿದರು. ಅರಗಿನ ಬೆಳೆಯ ದೊಡ್ಡ ನೆಲೆಗಳು ಛೋಟಾನಾಗಪುರದ ಕಡೆಗಿದ್ದವು. 1924ರಲ್ಲಿ ರಾಂಚಿಯ ಬಳಿಯ ನಾಮ್‌ಕುಮಿನಲ್ಲಿ ಅರಗಿಗೆಂದೇ ಸಂಶೋಧನಾಲಯವೊಂದು ಸ್ಥಾಪಿತವಾದದ್ದು ಆ ಕಾರಣದಿಂದ. ನಮ್ಮ ಕಡೆ 1937ರಲ್ಲಿ ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ತಲೆಯೆತ್ತಿತು. ಮತ ಹಾಕಿದವರ ಬೆರಳಿಗೆ ಹಚ್ಚುವ ಅಳಿಸಲಾಗದ ಶಾಯಿಯನ್ನು ಇಂದಿಗೂ ತಯಾರಿಸುತ್ತಿರುವ ಕಾರ್ಖಾನೆ ಅದೇ.

ಅರಗನ್ನು ಕುಟ್ಟಿ, ತೊಳೆದು, ಬಟ್ಟೆಯ ಉದ್ದನೆಯ ಚೀಲದಲ್ಲಿ ತುಂಬಿ ಕೆಂಡದ ಮುಂದೆ ಹಿಂಡಿದರೆ ಹೊಂಬಣ್ಣದ ತೆಳು ಹಾಳೆಯಾಗುತ್ತದೆ. ಶೆಲ್ಲಾಕ್ ಎಂಬುದು ಅದರ ವ್ಯಾಪಾರದ ಹೆಸರು. ಗ್ರಾಮಫೋನಿನ ಮೊದಲ ಅರ್ಧ ಶತಮಾನದ ತಟ್ಟೆಗಳೆಲ್ಲ ಬಹುಮಟ್ಟಿಗೆ ಈ ವಸ್ತುವನ್ನು ನಂಬಿಯೇ ಬದುಕಿದವು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ ಹಾಡುಗಳು ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳಾಗಿ ಒತ್ತಲ್ಪಟ್ಟು, ಕಡಲನ್ನು ದಾಟಿ ಮರಳಿ ಬಂದವು; ಜಗತ್ತಿಗೆಲ್ಲ ಬೇಕಾದ ಅರಗನ್ನು ಒದಗಿಸುತ್ತಿದ್ದ ದೇಶವಾದರೋ ಮುಖ್ಯವಾಗಿ ಭಾರತವೇ. ಆ ಮಹಾಗಾಯಕಿ ತನ್ನ ಕಡೆಯ ದಿನಗಳನ್ನು ಮೈಸೂರಿನ ಆಸ್ಥಾನದ ಆಶ್ರಯದಲ್ಲಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ತೀರಿಕೊಂಡಳೆಂಬುದನ್ನು ಕನ್ನಡಿಗರು ನೆನೆಯಬೇಕಾದುದು ನ್ಯಾಯ.

ಹೊಂಬಣ್ಣದ ಅರಗಿನಿಂದ ಕರಿಯ ತಟ್ಟೆ ಹೇಗಾಯಿತು? ಅರಗಿನ ತಟ್ಟೆಯಲ್ಲಿ ಅರಗಿದ್ದದ್ದು ಕಾಲು ಪಾಲಿನ ಆಸುಪಾಸು ಮಾತ್ರ. ಉಳಿದದ್ದೆಲ್ಲ ಸುಣ್ಣಕಲ್ಲು, ಸ್ಲೇಟು ಮೊದಲಾದವುಗಳ ನುಣುಪಾದ ಪುಡಿ, ಒಂದಿಷ್ಟು ಹತ್ತಿಯ ನಾರು, ಮೇಲೆ ಕಾಡಿಗೆ. ಕಲ್ಲಿನ ಪುಡಿಯನ್ನು ಹಾಕಿದ್ದು ಬರಿಯ ಉಳಿತಾಯಕ್ಕಲ್ಲ. ಉಕ್ಕಿನ ಮುಳ್ಳು ತಟ್ಟೆಯ ಗೀರಿನಲ್ಲಿ ಓಡುವಾಗ ಆ ಪುಡಿಯೇ ಮುಳ್ಳಿನ ತುದಿಯನ್ನು ಸವೆಸಿ, ಗೀರಿಗೆ ತಕ್ಕ ಆಕಾರವನ್ನು ಅದಕ್ಕೆ ಕೊಡಬೇಕಾಗಿತ್ತು. ಒಂದೊಂದು ಮಗ್ಗುಲಿಗೂ ಮುಳ್ಳನ್ನು ಬದಲಿಸುತ್ತಿದ್ದುದು ಅದರಿಂದಲೇ. ಬಗೆಬಗೆಯ ಪುಡಿಗಳು ಬೆರೆತು ಬೂದಿಯೋ ಮಣ್ಣೋ ಎನಿಸುವ ಕಳೆಗೆಟ್ಟ ಮಿಶ್ರಣವನ್ನು ಏಕರೂಪವಾಗಿ ಕಾಣಿಸಿದ್ದು ಕಾಡಿಗೆ. ಎಂದರೆ ತಟ್ಟೆಯ ಕಪ್ಪು ಹುಟ್ಟಿದ್ದು ಹಾಡಿಗಾಗಿ ಅಲ್ಲ, ಒಳಗಿರುವುದನ್ನು ಮರೆಮಾಡುವುದಕ್ಕಾಗಿ.

ಅರಗು ಹೋಗಿ ಪಿವಿಸಿ ಬಂದದ್ದು

ಎರಡನೆಯ ಮಹಾಯುದ್ಧದಲ್ಲಿ ಅರಗು ಸೇನೆಗೆ ಬೇಕಾಯಿತು. ಭಾರತದಿಂದ ಹಡಗುಗಳು ಹೋಗುವುದೂ ಕಷ್ಟವಾಯಿತು. 1942ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ತಟ್ಟೆಗಳಿಗೆ ಬಳಸುವ ಅರಗನ್ನು ನೂರಕ್ಕೆ 70ರಷ್ಟು ಕಡಿತಗೊಳಿಸಿತು. ಮರುವರ್ಷ ಸೈನಿಕರ ಮನರಂಜನೆಗೆಂದು ಹೊರಟ ತಟ್ಟೆಗಳಲ್ಲಿ ವಿನೈಲ್ ಎಂಬ ಹೊಸ ವಸ್ತುವಿನ ಬಳಕೆ ಮೊದಲಾಯಿತು. ಬಿದ್ದರೆ ಒಡೆಯದ ತಟ್ಟೆ ಯುದ್ಧಭೂಮಿಗೆ ತಕ್ಕುದಷ್ಟೆ. 1948ರಲ್ಲಿ ಕೊಲಂಬಿಯ ಸಂಸ್ಥೆ ಈ ವಸ್ತುವಿನಲ್ಲೇ ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು ಸುತ್ತು ತಿರುಗುವ ದೀರ್ಘವಾದನದ ತಟ್ಟೆಯನ್ನು ಹೊರತಂದಿತು.

ನೀರಿನ ಕೊಳವೆಯ ಮೂಲಕ ಇಂದು ಹಳ್ಳಿಹಳ್ಳಿಗೂ ಪರಿಚಿತವಾಗಿರುವ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹತ್ತಿರದ ರೂಪವೇ ಈ ವಿನೈಲ್. ಅದಕ್ಕೆ ಬಣ್ಣವಿಲ್ಲ. ಬಿಳಿಯ ಪುಡಿಯನ್ನು ಕಾಯಿಸಿ ಒತ್ತಿದರೆ ಬೆಳಕನ್ನು ಹಾಯಗೊಡುವ ತಟ್ಟೆಯೇ ಆದೀತು. 1949ರಲ್ಲಿ ಆರ್‌ಸಿಎ ಸಂಸ್ಥೆ ತನ್ನ ನಾಲ್ವತ್ತೈದು ಸುತ್ತಿನ ಚಿಕ್ಕ ತಟ್ಟೆಗಳನ್ನು ಸಂಗೀತದ ಪ್ರಕಾರಕ್ಕೆ ತಕ್ಕಂತೆ ಬೇರೆಬೇರೆ ಬಣ್ಣಗಳಲ್ಲಿ ತಂದು ಇದನ್ನು ತೋರಿಸಿಕೊಟ್ಟಿತು: ಶಾಸ್ತ್ರೀಯ ಸಂಗೀತಕ್ಕೆ ಕೆಂಪು, ಜಾನಪದದ ಛಾಯೆಯ ಹಾಡಿಗೆ ಹಸಿರು, ಮಕ್ಕಳ ಹಾಡಿಗೆ ಹಳದಿ. ಕೆಲವೇ ವರ್ಷಗಳಲ್ಲಿ ಆ ಏರ್ಪಾಡು ಬಿದ್ದುಹೋಗಿ ಮತ್ತೆ ಎಲ್ಲವೂ ಕಪ್ಪಾದವು. ಏಳೆಂಟು ಬಣ್ಣದ ಪುಡಿಗಳನ್ನು ಬೇರೆಬೇರೆಯಾಗಿ ಇಟ್ಟು ನಿರ್ವಹಿಸುವುದಕ್ಕಿಂತ ಒಂದೇ ಕಪ್ಪು ಸುಲಭ. ಕೆಟ್ಟ ತಟ್ಟೆಗಳನ್ನು ಅರೆದು ಮತ್ತೆ ಒತ್ತಿದರೂ, ನಡುವೆ ಕಸರು ಸೇರಿದರೂ, ಕಪ್ಪಿನಲ್ಲಿ ಅದು ಕಾಣದು.

ಕಾಡಿಗೆ ವಿದ್ಯುತ್ತನ್ನು ಹಾಯಿಸುವುದರಿಂದ ಕಪ್ಪು ತಟ್ಟೆಗೆ ಧೂಳು ಅಂಟುವುದು ಕಡಿಮೆಯೆಂಬ ಮಾತು ಸಂಗ್ರಾಹಕರಲ್ಲಿ ಬಲವಾಗಿ ಬೇರೂರಿದೆ. ಅದು ಸರಿಯಲ್ಲ. ಸಾಧಾರಣ ತಟ್ಟೆಯಲ್ಲಿರುವ ಕಾಡಿಗೆ ನೂರಕ್ಕೆ ಒಂದು ಪಾಲಿನ ಒಳಗೇ. ಅಷ್ಟರಲ್ಲಿ ಕಣಕ್ಕೆ ಕಣ ತಾಗದು, ತಾಗದೆ ವಿದ್ಯುತ್ತು ಹರಿಯದು. 1981ರಲ್ಲಿ ಅದೇ ಆರ್‌ಸಿಎ ಚಲಚ್ಚಿತ್ರದ ತಟ್ಟೆಗಳನ್ನು ತಂದಾಗ ವಿದ್ಯುತ್ತು ನಿಜವಾಗಿಯೂ ಹರಿಯಬೇಕಾಗಿದ್ದುದರಿಂದ ಕಾಡಿಗೆಯನ್ನು ಎಷ್ಟೋ ಪಟ್ಟು ಹೆಚ್ಚಾಗಿ ತುಂಬಬೇಕಾಯಿತು.

ಹೊಲಿಗೆ ಬಿಚ್ಚುವ ಬಗೆ

ಇನ್ನು ವಿಷದ ಮಾತಿಗೆ ಬರೋಣ. ಪಿವಿಸಿಯ ಒಂದೊಂದು ಅಣುವೂ ಇಂಗಾಲದ ನೂರಾರು ಸಾವಿರಾರು ಪರಮಾಣುಗಳು ಸಾಲಾಗಿ ಕೂಡಿದ ಉದ್ದನೆಯ ಎಳೆ. ಆ ಎಳೆಯಲ್ಲಿ ಒಂದು ಬಿಟ್ಟು ಒಂದರಂತೆ ಇಂಗಾಲಕ್ಕೆ ಕ್ಲೋರಿನ್ನಿನ ಪರಮಾಣು ಅಂಟಿಕೊಂಡಿರುತ್ತದೆ. ಕ್ಲೋರಿನ್ ಭಾರವಾದ ಪರಮಾಣುವಾದುದರಿಂದ, ತಟ್ಟೆಯೊಂದರ ತೂಕದಲ್ಲಿ ಸರಿಸುಮಾರು ಅರ್ಧ ಅದರದೇ. ಆ ಕ್ಲೋರಿನ್ ಬಂದದ್ದು ಉಪ್ಪಿನಿಂದ, ಇಂಗಾಲದ ಎಳೆ ಬಂದದ್ದು ಬಹುಪಾಲು ಕಲ್ಲೆಣ್ಣೆಯಿಂದ. ಎಳೆಯಲ್ಲಿ ಸೇರಿ ಸುಮ್ಮನಿರುವ ತನಕ ಕ್ಲೋರಿನ್ ಯಾರಿಗೂ ಏನೂ ಮಾಡದು.

ಆದರೆ ತಟ್ಟೆಯನ್ನು ಒತ್ತುವುದು ತಣ್ಣಗಿರುವಾಗಲ್ಲ. ಮೆತ್ತಗಾದ ಪಿವಿಸಿಯ ಮುದ್ದೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು, ಹಬೆಯಿಂದ ಸುಮಾರು 150 ಡಿಗ್ರಿಯ ಕಾವನ್ನು ಕೊಟ್ಟು, ನೂರು ಟನ್ನಿನ ಆಸುಪಾಸಿನ ಭಾರದಿಂದ ಅಮುಕಿದಾಗ, ಅರ್ಧ ನಿಮಿಷದ ಸುಮಾರಿನಲ್ಲಿ ತಟ್ಟೆ ಸಿದ್ಧವಾಗುತ್ತದೆ. ಆ ಕಾವಿನಲ್ಲಿ ಎಳೆಯ ಎಲ್ಲೋ ಒಂದು ದುರ್ಬಲವಾದ ಎಡೆಯಿಂದ ಕ್ಲೋರಿನ್ನಿನ ಒಂದು ಪರಮಾಣು ಸಡಿಲಗೊಂಡು, ಪಕ್ಕದ ಜಲಜನಕವನ್ನು ಜೊತೆಗೆಳೆದುಕೊಂಡು, ಹೈಡ್ರೊಕ್ಲೋರಿಕ್ ಆಮ್ಲದ ಆವಿಯಾಗಿ ಹೊರಟುಬಿಡುತ್ತದೆ. ಅದು ಹೋದ ಎಡೆಯ ನೆರೆಯಲ್ಲಿರುವ ಕ್ಲೋರಿನ್ನಿನ ಹಿಡಿತ ಇದರಿಂದ ಇನ್ನಷ್ಟು ಸಡಿಲ, ಅದೂ ಹೊರಡುತ್ತದೆ, ಅದರ ನೆರೆಯದೂ ಹೊರಡುತ್ತದೆ. ಸಂತೆಯಿಂದ ತಂದ ರಾಗಿಯ ಮೂಟೆಯ ಬಾಯಿಯ ಹೊಲಿಗೆಯನ್ನು ಬಿಚ್ಚಬಲ್ಲವರು ಕತ್ತರಿಯನ್ನು ಹುಡುಕುವುದಿಲ್ಲ. ಸರಿಯಾದ ತುದಿಯ ದಾರವೊಂದನ್ನು ಕಂಡುಹಿಡಿದು ಎಳೆದರೆ, ಒಂದು ಕುಣಿಕೆ ಬಿಚ್ಚಿದ್ದೇ ಮುಂದಿನ ಕುಣಿಕೆಯ ಬಿಡುಗಡೆಗೆ ಕಾರಣವಾಗಿ, ಇಡೀ ಬಾಯಿ ಸರ್ರನೆ ತೆರೆದುಕೊಳ್ಳುತ್ತದೆ. ಕಾದ ಪಿವಿಸಿಯ ಅಣುವಿನಲ್ಲಿ ನಡೆಯುವುದೂ ಅಂಥದೇ. ಹೊರಬಿದ್ದ ಆಮ್ಲ ಅಲ್ಲಿಯೇ ಉಳಿದರೆ ಬೇರೆ ಎಳೆಗಳ ಹೊಲಿಗೆಯನ್ನು ಬಿಚ್ಚುವುದಕ್ಕೂ ಅದು ತಾನೇ ನೆರವಾಗುತ್ತದೆ. ಬಣ್ಣವಿಲ್ಲದ ವಸ್ತು ಹಳದಿಯಾಗಿ, ಕಂದಾಗಿ, ಕಡೆಗೆ ಕರಕಾಗಿ, ಪೆಡಸಾಗುತ್ತದೆ. ಹೊರಟ ಆವಿ ಅಚ್ಚಿನ ಲೋಹವನ್ನೂ ತಿನ್ನುತ್ತದೆ, ಕೆಲಸಗಾರನ ಗಂಟಲನ್ನೂ ಸುಡುತ್ತದೆ.

ತಟ್ಟೆಯ ಪದಾರ್ಥಗಳ ಕುರಿತಾದ ಆತಂಕಗಳೆಲ್ಲಕ್ಕೂ ಬೇರು ಈ ಬಿಚ್ಚುವಿಕೆಯಲ್ಲಿದೆ.

ಕಾವಲಿನ ಲವಣಗಳು

ಬಿಚ್ಚುವಿಕೆಯನ್ನು ತಡೆಯಬೇಕಾದರೆ, ಹೊರಬಿದ್ದ ಆಮ್ಲವನ್ನು ಹುಟ್ಟಿದ ಕ್ಷಣದಲ್ಲೇ ಹಿಡಿದುಹಾಕುವ ವಸ್ತುವೊಂದು ಪಿವಿಸಿಯಲ್ಲಿ ಮೊದಲೇ ಬೆರೆತಿರಬೇಕು. ಕೈಗಾರಿಕೆಯವರು ಸ್ಟೆಬಿಲೈಸರ್ ಎನ್ನುವ ಇದನ್ನು ಕಾವಲುದ್ರವ್ಯವೆಂದು ಕರೆಯೋಣ. ಬಹುಕಾಲ ಈ ಕಾವಲಿಗೆ ನಿಂತದ್ದು ಸೀಸದ ಲವಣಗಳು. ಅಗ್ಗ, ನೆಚ್ಚಿನವು, ಆಮ್ಲವನ್ನು ಗಟ್ಟಿಯಾಗಿ ಹಿಡಿಯುವಂಥವು. ಆದರೆ ಸೀಸವು ಮಿದುಳಿಗೂ ನರಗಳಿಗೂ ವಿಷ. ಬೆಳೆಯುವ ಮಕ್ಕಳಿಗಂತೂ ಇಷ್ಟಾದರೆ ಬಾಧಕವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲ. ನಮ್ಮ ದೇಶದಲ್ಲಿ ಕುಡಿಯುವ ನೀರಿನ ಪಿವಿಸಿ ಕೊಳವೆಗಳಿಂದ ಸೀಸವನ್ನು ಹೊರಗಟ್ಟುವ ನಿಯಮಗಳು ಬಂದದ್ದು 2021ರಲ್ಲಿ. ಐರೋಪ್ಯ ಕೈಗಾರಿಕೆಗಳು 2015ರ ಹೊತ್ತಿಗೆ ತಾವಾಗಿ ಅದನ್ನು ಕೈಬಿಟ್ಟವು. ಈಗ ಅದರ ಎಡೆಯಲ್ಲಿ ಕ್ಯಾಲ್ಸಿಯಂ ಮತ್ತು ಸತುವಿನ ಲವಣಗಳು, ತವರದ ಸಂಯುಕ್ತಗಳು ನಿಂತಿವೆ.

ಬಣ್ಣದ ಪ್ರಶ್ನೆಗೆ ಉತ್ತರ ದೊರೆಯುವುದು ಇಲ್ಲಿಯೇ. ಸೀಸದ ಲವಣಗಳು ಬಿಳಿಯ, ಬೆಳಕನ್ನು ಚೆದರಿಸುವ ಪುಡಿಗಳು. ಅವನ್ನು ಬೆರೆಸಿದ ಪಿವಿಸಿ ಮಬ್ಬಾಗುವುದರಿಂದ ಪಾರದರ್ಶಕವಾದ ವಸ್ತುವಿಗೆ ಅವು ಒದಗುವುದಿಲ್ಲ. ಅದಕ್ಕೆ ಹೆಚ್ಚಾಗಿ ತವರದ ಕಾವಲನ್ನೇ ಬಳಸುತ್ತಾರೆ. ಹೀಗಾಗಿ, ಬೆಳಕಿಗೆ ಹಿಡಿದರೆ ಕಿಟಕಿ ಕಾಣುವಂತಿರುವ ಕೆಂಪು ತಟ್ಟೆಗಿಂತ, ಸಂಭಾವಿತವಾಗಿ ತೋರುವ ಹಳೆಯ ಕಪ್ಪು ತಟ್ಟೆಯೊಳಗೇ ಸೀಸವಿರುವ ಸಂಭವ ಹೆಚ್ಚು. ಕಪ್ಪೇ ಶುದ್ಧ, ಬಣ್ಣವೇ ವಿಷ ಎಂಬ ಜನರ ಭಾವನೆಯನ್ನು ನಾನು ಒಪ್ಪದಿರುವುದಕ್ಕೆ ಇದೇ ಕಾರಣ.

ಹಾಗೆಂದು ಬಣ್ಣವನ್ನು ಪೂರ್ಣವಾಗಿ ನಿರ್ದೋಷಿಯೆನ್ನುವಂತೆಯೂ ಇಲ್ಲ. ಬೆಳಕು ಹಾಯದ, ತುಂಬು ಬಣ್ಣದ ಹಳೆಯ ಪ್ಲಾಸ್ಟಿಕ್ ವಸ್ತುಗಳಲ್ಲಿ ಹಳದಿಗೂ ಕಿತ್ತಳೆಗೂ ಕೆಂಪಿಗೂ ಸೀಸದ ಕ್ರೋಮೇಟನ್ನೋ ಕ್ಯಾಡ್ಮಿಯಮ್ಮಿನ ಸಂಯುಕ್ತಗಳನ್ನೋ ಬಳಸುತ್ತಿದ್ದುದುಂಟು, ಏಕೆಂದರೆ ಒತ್ತುವ ಕಾವನ್ನು ತಡೆದುಕೊಂಡು ಮಂಕಾಗದೆ ನಿಲ್ಲುವ ಬಣ್ಣಗಳು ಆಗ ವಿರಳವಾಗಿದ್ದವು. ಕ್ಯಾಡ್ಮಿಯಂ ಮೂತ್ರಪಿಂಡಗಳಿಗೆ ಕೇಡು. ಈಗ ಅವುಗಳ ಬದಲು ಇಂಗಾಲವನ್ನೇ ಮೂಲವಾಗಿ ಉಳ್ಳ ಬಣ್ಣಗಳು ಬಂದಿವೆ. ಇದೇ ಪ್ರಶ್ನೆಯನ್ನು ಚನ್ನಪಟ್ಟಣದ ಗೊಂಬೆಗಾರರೂ ಎದುರಿಸಿದ್ದಾರೆ. ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಕಾವಿಗೆ ಕರಗಿದ ಅರಗನ್ನೇ ಮೆರುಗಾಗಿ ಹಚ್ಚುವ ಅವರ ಕಸುಬಿನಲ್ಲಿ, ಮಗುವಿನ ಬಾಯಿಗೆ ಹೋಗುವ ವಸ್ತುವೆಂಬ ಎಚ್ಚರದಿಂದ ಅರಿಸಿನ, ನೀಲಿ ಮೊದಲಾದ ಸಸ್ಯಜನ್ಯ ಬಣ್ಣಗಳತ್ತ ಹೊರಳಿದವರು ಹಲವರು. ಅರಗು ಮೆತ್ತಗಾಗಲು ಕಡಿಮೆ ಕಾವು ಸಾಕಾದುದರಿಂದ ಅವರಿಗೆ ಅದು ಸಾಧ್ಯವಾಯಿತು. ಪಿವಿಸಿಯ ಕಾವಿನಲ್ಲಿ ಅರಿಸಿನ ಬಾಳದು.

ಇಷ್ಟಾಗಿ, ಮುಗಿದ ತಟ್ಟೆಯಲ್ಲಿ ಈ ಲೋಹಗಳು ಗಟ್ಟಿಯಾದ ಪ್ಲಾಸ್ಟಿಕ್ಕಿನೊಳಗೆ ಸೆರೆಯಾಗಿರುತ್ತವೆ. ತಟ್ಟೆಯನ್ನು ಯಾರೂ ನೆಕ್ಕುವುದಿಲ್ಲ, ಅದರಲ್ಲಿ ಉಣ್ಣುವುದಿಲ್ಲ. ಕೈಯಲ್ಲಿ ಹಿಡಿದು, ಮುಳ್ಳಿಟ್ಟು ಕೇಳುವವರಿಗೆ ಅದರಿಂದ ಅಪಾಯ ಅತ್ಯಲ್ಪ. ಕೇಳುಗನು ನಿಜವಾಗಿ ಗಮನಿಸಬೇಕಾದದ್ದು ತಟ್ಟೆಗಿಂತ ಅದರ ಮೆತ್ತನೆಯ ಪ್ಲಾಸ್ಟಿಕ್ ಲಕೋಟೆಯನ್ನು. ಗಟ್ಟಿ ಪಿವಿಸಿಯನ್ನು ಮೆತ್ತಗೆ ಮಾಡುವ ಎಣ್ಣೆಯಂಥ ವಸ್ತುಗಳು ಅಣುವಿಗೆ ಅಂಟಿಕೊಂಡಿರದೆ ಬರಿದೆ ನಡುನಡುವೆ ನುಸುಳಿಕೊಂಡಿರುವುದರಿಂದ, ವರ್ಷಗಳು ಕಳೆದಂತೆ ಹೊರಗೆ ಜಿನುಗುತ್ತವೆ. ಹಾಗೆ ಜಿನುಗಿದ್ದು ತಟ್ಟೆಯ ಮೇಲೆ ಮಂಜು ಕವಿದಂಥ ಕಲೆಯಾಗಿ ಕೂತು, ಎಷ್ಟು ಒರೆಸಿದರೂ ಹೋಗದೆ, ಹಾಡಿನುದ್ದಕ್ಕೂ ಸುಂಯ್‌ಗುಟ್ಟುತ್ತದೆ. ಹಳೆಯ ಪ್ಲೇಟುಗಳನ್ನು ಕಾಪಾಡಬೇಕೆನ್ನುವವರು ಅಂಥ ಲಕೋಟೆಗಳಿಂದ ಅವನ್ನು ಇಂದೇ ಹೊರತೆಗೆದು ಕಾಗದದ ಅಥವಾ ಪಾಲಿಥಿನ್ನಿನ ಲಕೋಟೆಯಲ್ಲಿ ಇಡುವುದು ಒಳಿತು.

ಕಣದ ಗಾತ್ರ, ಹಾಡಿನ ಸೊಗಸು

ಬಣ್ಣದ ತಟ್ಟೆಯ ನಾದ ಕೀಳೇ? ದೀರ್ಘವಾದನದ ತಟ್ಟೆಯ ಗೀರಿನ ಅಗಲ ಮಿಲಿಮೀಟರಿನ ನೂರರಲ್ಲಿ ಆರು ಪಾಲಿನ ಸುಮಾರು. ಮೆಲುದನಿಗಳು ಅದರ ಗೋಡೆಯಲ್ಲಿ ಮೂಡಿಸುವ ಏರಿಳಿತ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ಕಿರಿದು. ಬೆರೆಸಿದ ಪುಡಿಯ ಕಣ ಇದಕ್ಕಿಂತ ಬಹಳ ಚಿಕ್ಕದಾಗಿದ್ದು ಒಂದೇ ಸಮನಾಗಿ ಹರಡಿದ್ದರೆ ಮುಳ್ಳಿಗೆ ಅದರ ಅರಿವೇ ಆಗದು. ಕಾಡಿಗೆಯ ಕಣ ಅಂಥದು. ಒಳ್ಳೆಯ ಬಣ್ಣಗಳೂ ಅದಕ್ಕೆ ಬಹಳ ಹಿಂದಿಲ್ಲ. ಕತ್ತಲೆಯಲ್ಲಿ ಮಿನುಗುವ ತಟ್ಟೆಗಳ ಪುಡಿಯಾದರೋ ದಪ್ಪ ಕಣದ್ದು, ಅವುಗಳ ಸದ್ದೂ ಒರಟು. ಚಿತ್ರವಿರುವ ತಟ್ಟೆಗಳಲ್ಲಿ ಗೀರಿರುವುದು ಕಾಗದದ ಚಿತ್ರದ ಮೇಲೆ ಹೊದಿಸಿದ ತೆಳು ಹಾಳೆಯಲ್ಲಾದುದರಿಂದ ಅವೂ ಅಷ್ಟಕ್ಕಷ್ಟೇ. ಉಳಿದಂತೆ ಏಕವರ್ಣದ ತಟ್ಟೆಗೂ ಕಪ್ಪಿಗೂ ಇರುವ ಅಂತರಕ್ಕೆ ಬಣ್ಣವಲ್ಲ, ಒತ್ತಿದವನ ಶ್ರದ್ಧೆಯೇ ಕಾರಣ.

ಹುಟ್ಟಿನಲ್ಲೂ ಸಾವಿನಲ್ಲೂ

ಕೇಳುಗನಿಗೆ ಅಪಾಯ ಅಲ್ಪವೆಂದ ಮಾತ್ರಕ್ಕೆ ವಿಚಾರ ಮುಗಿಯುವುದಿಲ್ಲ. ಪಿವಿಸಿಯ ಎಳೆಯನ್ನು ಹೊಸೆಯುವುದು ವಿನೈಲ್ ಕ್ಲೋರೈಡ್ ಎಂಬ ಅನಿಲದಿಂದ. 1872ರಲ್ಲಿ ಬೌಮನ್ ಎಂಬ ಜರ್ಮನ್ ರಸಾಯನಜ್ಞನು, ಈ ಅನಿಲವನ್ನು ತುಂಬಿ ಬಿಸಿಲಿಗಿಟ್ಟ ಬುದ್ದಲಿಗಳಲ್ಲಿ ಬಿಳಿಯ ಗಟ್ಟಿವಸ್ತು ಕೂಡಿದ್ದನ್ನು ಕಂಡನು. ನೂರು ವರ್ಷ ಕಳೆದ ಮೇಲೆ, 1974ರ ಜನವರಿಯಲ್ಲಿ, ಅಮೆರಿಕದ ಲೂಯಿವಿಲ್ ಪಟ್ಟಣದ ಕಾರ್ಖಾನೆಯ ಕೆಲಸಗಾರರಲ್ಲಿ ಯಕೃತ್ತಿನ ಅತಿ ವಿರಳವಾದ ಅರ್ಬುದದಿಂದ ಸಾವುಗಳಾದದ್ದು ಬೆಳಕಿಗೆ ಬಂತು. ಪಿವಿಸಿ ತಯಾರಾಗುವ ಕೊಪ್ಪರಿಗೆಗಳ ಒಳಗಿಳಿದು ಗೋಡೆಗೆ ಹತ್ತಿದ ಪದರವನ್ನು ಕೆರೆಯುತ್ತಿದ್ದವರು ವರ್ಷಗಟ್ಟಲೆ ಆ ಅನಿಲವನ್ನು ಉಸಿರಾಡಿದ್ದರು. ಆವರೆಗೆ ಗಾಳಿಯ ಹತ್ತು ಲಕ್ಷ ಪಾಲಿಗೆ 500 ಪಾಲಿನವರೆಗೂ ಇರಬಹುದೆಂದಿದ್ದ ಮಿತಿಯನ್ನು ಅಮೆರಿಕದ ಸರ್ಕಾರ ಒಂದಕ್ಕೆ ಇಳಿಸಿತು. ಈ ಅನಿಲ ಮನುಷ್ಯರಲ್ಲಿ ಅರ್ಬುದವನ್ನು ತರುವುದು ನಿಸ್ಸಂದೇಹವೆಂದು ಇಂದು ಜಗತ್ತಿನ ವೈದ್ಯಶಾಸ್ತ್ರ ಒಪ್ಪಿದೆ. ನಾವು ಆನಂದಿಸಿದ ಎಷ್ಟೋ ಹಾಡುಗಳ ಬೆಲೆಯನ್ನು ತೆತ್ತವರಲ್ಲಿ, ಆ ಹಾಡುಗಳನ್ನು ಎಂದೂ ಕೇಳದ ಕೂಲಿಯವರೂ ಇದ್ದರೆಂಬುದನ್ನು ಬರೆಯದೆ ಈ ಅಧ್ಯಾಯ ನ್ಯಾಯವಾದೀತೆ?

ಇದು ದೂರದೇಶದ ಕಥೆ ಮಾತ್ರವಲ್ಲ. ಅಂಚೆಟ್ಟಿಯ ಕಾಡಿನಂಚನ್ನು ತೊಳೆದು ಹೊಗೇನಕಲ್ಲಿನಲ್ಲಿ ಧುಮುಕುವ ಕಾವೇರಿ ಮುಂದೆ ಹರಿದು ನಿಲ್ಲುವುದು ಮೇಟೂರಿನ ಅಣೆಕಟ್ಟಿನಲ್ಲಿ. 1934ರಲ್ಲಿ ಅಣೆ ಮುಗಿದೊಡನೆ ಅದರ ನೀರನ್ನೂ ವಿದ್ಯುತ್ತನ್ನೂ ನೆಚ್ಚಿ ರಾಸಾಯನಿಕ ಕೈಗಾರಿಕೆ ಅಲ್ಲಿ ಬೇರೂರಿತು. 1967ರಿಂದ ಪಿವಿಸಿಯೂ ಅಲ್ಲಿ ತಯಾರಾಗುತ್ತಿದೆ. ಅಂಚೆಟ್ಟಿಯ ತೋಟದ ಕೊಳವೆಗೂ ಮನೆಯ ವಿದ್ಯುತ್ ತಂತಿಯ ಹೊದಿಕೆಗೂ ಪಿವಿಸಿಯೇ ಗತಿ. ಆ ಮೊತ್ತದ ಮುಂದೆ ಹಾಡಿನ ತಟ್ಟೆಗಳ ಪಾಲು ಗಣನೆಗೇ ಬಾರದಷ್ಟು ಕಿರಿದು. ಆದರೂ ತಟ್ಟೆಯಿಂದ ಕಲಿತದ್ದು ಕೊಳವೆಗೂ ತಂತಿಗೂ ಒಂದೇ ರೀತಿಯಲ್ಲಿ ಅನ್ವಯಿಸುತ್ತದೆ.

ಮುರಿದ ಪ್ಲೇಟನ್ನೋ ಕೊಳವೆಯ ತುಂಡನ್ನೋ ಹಿತ್ತಿಲ ಕಸದೊಡನೆ ಸೇರಿಸಿ ಬೆಂಕಿಯಿಟ್ಟರೆ, ಒತ್ತುವ ಯಂತ್ರದಲ್ಲಿ ಕಾವಲುದ್ರವ್ಯ ತಡೆದು ನಿಲ್ಲಿಸಿದ್ದ ಆ ಬಿಚ್ಚುವಿಕೆಯೇ ಯಾವ ತಡೆಯೂ ಇಲ್ಲದೆ ಕೊನೆಯವರೆಗೆ ನಡೆಯುತ್ತದೆ. ತಟ್ಟೆಯ ತೂಕದ ಅರ್ಧದಷ್ಟಿದ್ದ ಕ್ಲೋರಿನ್ನಿನ ಹೆಚ್ಚಿನ ಭಾಗ ಆಮ್ಲದ ಹೊಗೆಯಾಗಿ ಏಳುತ್ತದೆ. ಸ್ವಲ್ಪ ಭಾಗ ಅರೆಬೆಂದ ಇಂಗಾಲದೊಡನೆ ಕೂಡಿ ಡಯಾಕ್ಸಿನ್ ಎಂಬ, ಕಣದಷ್ಟಿದ್ದರೂ ಮೈಯ ಕೊಬ್ಬಿನಲ್ಲಿ ವರ್ಷಾಂತರ ಉಳಿಯುವ ಘೋರ ವಿಷಗಳಾಗುತ್ತದೆ. ಸೆರೆಯಲ್ಲಿದ್ದ ಸೀಸವೂ ಕ್ಯಾಡ್ಮಿಯಮ್ಮೂ ಬೂದಿಗೆ ಸೇರಿ, ಆ ಬೂದಿ ಗೊಬ್ಬರದ ಗುಂಡಿಗೆ ಸೇರಿ, ಅಲ್ಲಿಂದ ಹೊಲವನ್ನು ಸೇರುತ್ತದೆ. ತಂತಿಯ ತಾಮ್ರಕ್ಕಾಗಿ ಹೊದಿಕೆಯನ್ನು ಸುಡುವ ಕಡೆಯೂ ಇದೇ ನಡೆಯುತ್ತದೆ. ಹಳೆಯ ಪ್ಲೇಟನ್ನು ಒಲೆಯ ಕಾವಿನಲ್ಲಿ ಬಗ್ಗಿಸಿ ಬಟ್ಟಲು ಮಾಡಿ ತಿಂಡಿಯಿಡುವ ಹವ್ಯಾಸವೂ ಈ ಕಾರಣದಿಂದ ಒಳ್ಳೆಯದಲ್ಲ.

ಕ್ಲೋರಿನ್ನೇ ಇಲ್ಲದ ತಟ್ಟೆ ಸಾಧ್ಯವೆ? ಅರಗಿಗೆ ಮರಳುವಂತಿಲ್ಲ, ಅದು ಒಡೆಯುತ್ತದೆ, ಸದ್ದು ಮಾಡುತ್ತದೆ, ನಾಲ್ಕೈದು ನಿಮಿಷಕ್ಕಿಂತ ಹೆಚ್ಚು ಹಾಡದು. ನೀರಿನ ಬಾಟಲಿಗಳ ಪ್ಲಾಸ್ಟಿಕ್ಕಾದ ಪೆಟ್ ಎಂಬುದರಲ್ಲಿ ಕ್ಲೋರಿನ್ ಇಲ್ಲ. ಅದನ್ನು ಕರಗಿಸಿ ಅಚ್ಚಿನೊಳಕ್ಕೆ ನುಗ್ಗಿಸಿ ತಟ್ಟೆ ಮಾಡುವ ವಿಧಾನ ಈಗ ಬಳಕೆಗೆ ಬಂದಿದೆ; 2024ರಲ್ಲಿ ಕೋಲ್ಡ್‌ಪ್ಲೇ ಎಂಬ ಇಂಗ್ಲೆಂಡಿನ ಗಾಯಕವೃಂದದ ಹೊಸ ಹಾಡುಗಳು ಇಂಥ ತಟ್ಟೆಗಳಲ್ಲಿ ಹೊರಬಂದವು, ತಟ್ಟೆಯೊಂದಕ್ಕೆ ಬಳಸಿ ಬಿಟ್ಟ ಒಂಬತ್ತು ಬಾಟಲಿಗಳಂತೆ. ಪೆಟ್ಟಿನ ಅಣುವಿನಲ್ಲಿ ಆ ಹೊಲಿಗೆಯೇ ಇಲ್ಲವಾದ್ದರಿಂದ ಸೀಸವಾಗಲಿ ತವರವಾಗಲಿ ಅದಕ್ಕೆ ಕಾವಲು ನಿಲ್ಲಬೇಕಾದದ್ದಿಲ್ಲ.